ಹಗ್ಗದ ಸುಲಸೆಯ ಅಡ್ಡಗಲ್ಲು

ನಮ್ಮೂರಿನ ಕಲ್ಲು ಸುಳ್ಳು ಹಿಡಿಯುವುದಿಲ್ಲ. ಊರನ್ನು ಹೊಗಳಲು ಈ ಮಾತು ಹೇಳುತ್ತಿಲ್ಲ, ಅಕ್ಷರ ಕೊರೆದು ಹೊಟ್ಟೆ ಹೊರೆದುಕೊಂಡವನ ಗೋಳು ಇದು. ಬೇರೆ ಊರಿನ ಕಲ್ಕುಟಿಗನಾದರೆ ಹೇಳಿದ್ದನ್ನು ಕೊರೆದು, ಉಳಿ ಸುತ್ತಿಗೆ ಚೀಲಕ್ಕೆ ಹಾಕಿಕೊಂಡು ಮನೆಗೆ ಹೋಗಿ ಕಾಲು ಚಾಚುತ್ತಾನೆ. ನಮಗೆ ಆ ಪುಣ್ಯವಿಲ್ಲ. ಇವತ್ತು ಕೊರೆದ ಸಾಲಿನಲ್ಲಿ ನಿಜವಲ್ಲದ ಒಂದು ಮಾತು ನುಸುಳಿದ್ದರೂ ಸಾಕು, ನಾಳೆ ಬೆಳಿಗ್ಗೆ ಬಂದು ನೋಡಿದರೆ ಅಷ್ಟು ಅಕ್ಷರ ಮಾದುಹೋಗಿರುತ್ತದೆ, ಮೊಣಕಾಲಿನ ತರಚು ಗಾಯ ಮಾಯುವ ಹಾಗೆ. ಕಲ್ಲು ಮತ್ತೆ ನುಣ್ಣಗಾಗಿ, ತನಗೇನೂ ಗೊತ್ತಿಲ್ಲ ಅನ್ನುವಂತೆ ಕೂತಿರುತ್ತದೆ. ಬೈಸಿಕೊಳ್ಳುವುದು ಮಾತ್ರ ನಾನು.

ಊರ ಹೊರಗಿನ ದಿಬ್ಬದ ಮೇಲೆ ಬುದ್ಧನ ಸ್ತೂಪವಿದೆ. ಅದರ ಸುತ್ತ ಕಲ್ಲಿನ ಬೇಲಿ. ಕಂಬಗಳು, ಕಂಬಕ್ಕೂ ಕಂಬಕ್ಕೂ ನಡುವೆ ತೂರಿಸಿದ ಅಡ್ಡಗಲ್ಲುಗಳು, ಮೇಲೆ ಉದ್ದಕ್ಕೂ ಮುಚ್ಚುಗಲ್ಲು. ಒಂದೊಂದನ್ನೂ ಒಬ್ಬೊಬ್ಬರು ಕೊಟ್ಟದ್ದು. ದಂತ ಕೆತ್ತುವವರು ಕೊಟ್ಟದ್ದಿದೆ, ನೇಕಾರರು ಕೊಟ್ಟದ್ದಿದೆ, ಭಿಕ್ಷುಣಿಯರು ಭಿಕ್ಷೆಯಲ್ಲೇ ಉಳಿಸಿ ಕೊಟ್ಟದ್ದಿದೆ, ಇಡೀ ಹಳ್ಳಿಯೊಂದು ಸೇರಿ ಕೊಟ್ಟ ಕಂಬವೂ ಇದೆ. ಕೊಟ್ಟವರ ಹೆಸರನ್ನು ಕಲ್ಲಿನ ಮೇಲೆ ಕೊರೆಯುವುದು ನನ್ನ ಕೆಲಸ. ನನ್ನ ಹೆಸರು ಪುಸ್ಸಕ, ಊರವರು ಅಕ್ಷರದ ಪುಸ್ಸಕ ಅನ್ನುತ್ತಾರೆ. ಕೊರೆದದ್ದು ಮಾದುಹೋದ ದಿನ ಇನ್ನೂ ಏನೇನೋ ಅನ್ನುತ್ತಾರೆ, ಅದನ್ನೆಲ್ಲ ಇಲ್ಲಿ ಹೇಳುವುದು ಬೇಡ.

ಕಲ್ಲು ಹೀಗೇಕೆ ಅಂತ ನಮ್ಮಲ್ಲಿ ಯಾರೂ ತಲೆ ಕೆಡಿಸಿಕೊಂಡವರಲ್ಲ. ಅದರ ಜೊತೆ ಬಾಳುವುದನ್ನು ಕಲಿತುಕೊಂಡರು, ಅಷ್ಟೆ. ನನ್ನಪ್ಪನ ಕಾಲದಲ್ಲಿ ದೊಡ್ಡ ಮನೆಯ ಯಜಮಾನನೊಬ್ಬ ತನ್ನ ಕಂಬದ ಮೇಲೆ ತಂದೆಯ ಹೆಸರು ಹೇಳಿ ಇಂಥವರ ಮಗ ಅಂತ ಹಾಕಿಸಿದನಂತೆ. ಬೆಳಿಗ್ಗೆ ನೋಡಿದರೆ ತಂದೆಯ ಹೆಸರಷ್ಟೇ ಇಲ್ಲ. ಆ ಮನೆಯ ಮುದುಕಿ ಮೂರು ತಿಂಗಳು ಹೊಸಿಲು ದಾಟಲಿಲ್ಲ. ಅವತ್ತಿನಿಂದ ನಮ್ಮೂರಿನ ಗಂಡಸರೆಲ್ಲ ತಾಯಿಯ ಹೆಸರು ಹೇಳಿಯೇ ಮಗ ಅನ್ನಿಸಿಕೊಳ್ಳುವುದು. ದೂರದಿಂದ ಬಂದವರು, ತಾಯಂದಿರ ಮೇಲೆ ನಿಮಗೆಷ್ಟು ಗೌರವ ಅಂತ ಮೆಚ್ಚಿಕೊಂಡು ಹೋಗುತ್ತಾರೆ. ನಾವು ಹೌದೌದು ಅನ್ನುತ್ತೇವೆ. ಇನ್ನೊಬ್ಬ ಮಹಾರಾಯ ತನ್ನ ದಾನ ಅಂತ ಕೊರೆಸಿದ್ದು ಮಾದುಹೋಗಿ, ಹೆಂಡತಿಯ ಬಳೆ ಮಾರಿ ಕಲ್ಲು ಕೊಂಡದ್ದು ಊರಿಗೆಲ್ಲ ಗೊತ್ತಾಯಿತು. ಪರಮ ಭಕ್ತ, ಉದಾರಿ, ಶ್ರದ್ಧಾವಂತ ಅನ್ನುವ ಮಾತುಗಳನ್ನಂತೂ ಈಗ ಯಾರೂ ಕೇಳುವುದೇ ಇಲ್ಲ, ನನಗೆ ಅಷ್ಟು ಕೈನೋವು ಕಡಿಮೆ.

ಇನ್ನೊಂದು ವಿಷಯ ಹೇಳಲೇಬೇಕು. ನಮ್ಮ ಕಲ್ಲು ಒಂಟಿ ಹೆಸರನ್ನೂ ಹಿಡಿಯುವುದಿಲ್ಲ. ಬರೀ ಇಂಥವಳ ದಾನ ಅಂತ ಕೊರೆದರೆ ಮರುದಿನ ಪೂರ್ತಿ ನುಣ್ಣಗೆ. ಇಂಥವಳ ಮಗಳು, ಇಂಥವನ ತಾಯಿ, ಇಂಥವರ ಶಿಷ್ಯ, ಹೀಗೆ ಯಾರಿಗಾದರೂ ಅಂಟಿಕೊಂಡ ಹೆಸರೇ ಆಗಬೇಕು. ಮನೆ ಮಠ ಬಿಟ್ಟ ಭಿಕ್ಷುಗಳು ಕೂಡ ಗುರುವಿನ ಹೆಸರು ಮುಂದಿಟ್ಟುಕೊಂಡೇ ನಿಲ್ಲುತ್ತಾರೆ. ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ, ಯಾರೂ ಇಲ್ಲದವರು ಯಾರಿದ್ದಾರೆ ಹೇಳಿ.

ಸುಲಸೆ ಇದ್ದಳು. ಈ ಕಥೆ ಅವಳದ್ದೇ, ನಾನು ಸುಮ್ಮನೆ ಸುತ್ತು ಹೊಡೆಯುತ್ತಿದ್ದೆ. ಒಂದು ಬೇಸಿಗೆಯಲ್ಲಿ ಹಗ್ಗ ಹೊಸೆಯುವವರ ಓಣಿಗೆ, ನಮ್ಮ ಹಗ್ಗದೋಣಿಗೆ, ಬಂಡಿಯಲ್ಲಿ ಪುಂಡಿನಾರಿನ ಹೊರೆ ಬಂತಂತೆ. ಬಿಚ್ಚಿದರೆ ನಾರಿನ ನಡುವೆ ಒಂದು ಹೆಣ್ಣು ಕೂಸು ನಿದ್ದೆ ಹೊಡೆಯುತ್ತಿತ್ತು. ಬಂಡಿಯವನಿಗೂ ಗೊತ್ತಿಲ್ಲ, ನಾರು ಕಟ್ಟಿದವರಿಗೂ ಗೊತ್ತಿಲ್ಲ. ಓಣಿಯ ಹನ್ನೊಂದು ಮನೆಯವರು ಸೇರಿ, ಮನೆಗೊಂದು ದಿನದಂತೆ ಸರದಿಯ ಮೇಲೆ ಅನ್ನ ಹಾಕಿ ಸಾಕಿದರು. ನಡೆಯುವ ಮೊದಲೇ ಹಗ್ಗ ಹೊಸೆಯಲು ಕಲಿತಳು ಅನ್ನುತ್ತಾರೆ, ಅದು ಸ್ವಲ್ಪ ಉಪ್ಪು ಖಾರ ಹಚ್ಚಿದ ಮಾತಿರಬಹುದು. ನಾನು ನೋಡುವ ಹೊತ್ತಿಗೆ ಸ್ತೂಪದ ಕೆಲಸಕ್ಕೆಲ್ಲ ಅವಳದೇ ಹಗ್ಗ. ಬಿಳಿ ಕತ್ತೆಯೊಂದರ ಮೇಲೆ ಹಗ್ಗದ ಸುರುಳಿ ಹೇರಿಕೊಂಡು, ಅದಕ್ಕೆ ಬೈಯುತ್ತ ದಿಬ್ಬ ಹತ್ತಿ ಬರುತ್ತಿದ್ದಳು. ದೊಡ್ಡ ನಗು, ಅದಕ್ಕಿಂತ ದೊಡ್ಡ ಸಿಟ್ಟು.

ನನಗೂ ಅವಳಿಗೂ ಹನ್ನೆರಡು ವರ್ಷದ ನಂಟು. ಹೆಬ್ಬಾಗಿಲಿನ ಮೇಲುಗಲ್ಲಿಗೆ ಅಕ್ಷರ ಹಾಕುತ್ತ ನೇತಾಡುತ್ತಿದ್ದಾಗ ಸೊಂಟದ ಹಗ್ಗ ಹರಿದು ಬಿದ್ದೆ. ಅದು ಸಂತೆಯಲ್ಲಿ ಕೊಂಡ ಹಗ್ಗ. ಎಡಗಾಲು ಮುರಿಯಿತು, ಈಗಲೂ ಕುಂಟುತ್ತೇನೆ. ಕಾಲಿಗೆ ದಬ್ಬೆ ಕಟ್ಟಿಸಿಕೊಂಡು ಬಿದ್ದಿದ್ದವನ ಹತ್ತಿರ ಸುಲಸೆ ಬಂದು, ನೋವು ಹೇಗಿದೆ ಅಂತ ಒಂದು ಮಾತೂ ಕೇಳದೆ, ಸಂತೆಯ ಹಗ್ಗ ತಂದದ್ದಕ್ಕೆ ಅರ್ಧ ದಿನ ಬೈದಳು. ಅಲ್ಲಿಂದ ಮುಂದೆ ನನ್ನ ಸೊಂಟಕ್ಕೆ ಅವಳ ಹಗ್ಗವೇ. ದಿನಾ ಬೆಳಿಗ್ಗೆ ಅವಳೇ ಎಳೆದು ನೋಡಿ, ಗಂಟು ಹಾಕಿ, ಹತ್ತು ಅಂದ ಮೇಲೆ ನಾನು ಹತ್ತುವುದು. ಬೇರೆಯವರ ಹಗ್ಗಕ್ಕಿಂತ ನನ್ನದು ದಪ್ಪ. ಸೊಂಟ ಉಜ್ಜುತ್ತದೆ ಅಂತ ಎಷ್ಟು ಸಲ ಗೊಣಗಿದ್ದೇನೋ. ಉಜ್ಜಿದರೆ ಎಣ್ಣೆ ಹಚ್ಚಿಕೋ ಅನ್ನುತ್ತಿದ್ದಳು.

ಅವಳನ್ನು ಮದುವೆಯಾಗಬೇಕು ಅಂತ ಯಾವತ್ತು ಅನ್ನಿಸಿತೋ ಹೇಳಲಾರೆ. ಕೇಳುವ ಧೈರ್ಯ ಬರಲಿಲ್ಲ ಅಂತ ಮಾತ್ರ ಖಂಡಿತ ಹೇಳಬಲ್ಲೆ. ಬೇಡ ಅಂದುಬಿಟ್ಟರೆ ಬೆಳಿಗ್ಗೆ ಗಂಟು ಹಾಕಲು ಕೂಡ ಬರುವುದಿಲ್ಲ ಅನ್ನುವ ಹೆದರಿಕೆ. ಹಾಗೇ ಹನ್ನೆರಡು ವರ್ಷ ಉಗುಳು ನುಂಗಿಕೊಂಡು ಕಳೆದೆ.

ಅಷ್ಟರಲ್ಲಿ ಬೇಲಿಯ ಕೆಲಸ ಮುಗಿಯುತ್ತ ಬಂತು. ಉಳಿದದ್ದು ಒಂದೇ ಕಂಬ, ಅದಕ್ಕೆ ತೂರಿಸುವ ಒಂದೇ ಅಡ್ಡಗಲ್ಲು. ಅಡ್ಡಗಲ್ಲು ಕೂತ ಮೇಲೇ ಕಂಬವನ್ನು ನೆಟ್ಟಗೆ ನಿಲ್ಲಿಸಲು ಆಗುವುದು, ಕಂಬ ನಿಂತರೆ ಬೇಲಿ ಮುಗಿದಂತೆ. ಕಟ್ಟೋಣದ ಮೇಲ್ವಿಚಾರಣೆ ಹಿರಿಯ ಭಿಕ್ಷು ಇಸಿಪಾಲ ಭಂತೆಯವರದ್ದು. ಆ ಕೊನೆಯ ಅಡ್ಡಗಲ್ಲನ್ನು ಅವರು ಸುಲಸೆಗೆಂದು ಎಂದೋ ಎತ್ತಿಟ್ಟಿದ್ದರು. ಪಡುವಣ ದಿಕ್ಕಿನ ಕಲ್ಲುಗಳಿಗೆಲ್ಲ ಅವಳು ಕೂಲಿಯಿಲ್ಲದೆ ಹಗ್ಗ ಹೊಸೆದುಕೊಟ್ಟಿದ್ದಳು, ಬದಲಿಗೆ ಆ ಒಂದು ಕಲ್ಲು ಅವಳ ಹೆಸರಿನಲ್ಲಿ ಕೂರಬೇಕು ಅಂತ ಮಾತಾಗಿತ್ತು. ವೈಶಾಖದ ಹುಣ್ಣಿಮೆಗೆ ಕಂಬ ನಿಲ್ಲಿಸುವುದೆಂದು ಗೊತ್ತಾಯಿತು. ಇನ್ನು ಎಂಟು ದಿನ. ಸುಲಸೆ ನನ್ನೆದುರು ಬಂದು ಕೂತು, ಕೊರೆ ಅಂದಳು. ಯಾರ ಸುಲಸೆ ಅಂತ ಕೊರೆಯಲಿ ಅಂದೆ. ಅವಳ ಮುಖ ಸಣ್ಣದಾಯಿತು. ಹಾಗೆ ಕೇಳಿದ ನನ್ನ ನಾಲಿಗೆಯನ್ನು ಕಚ್ಚಿಕೊಂಡೆ.

ಆಮೇಲೆ ಅವಳೇ ಹೇಳಿದಳು. ಅವಳು ಹಾಗೆ ಮೆಲ್ಲಗೆ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

"ಈ ಬೇಲಿಯ ಒಂದೊಂದು ಕಲ್ಲೂ ನನ್ನ ಹಗ್ಗ ಹಿಡಿದು ಮೇಲೆ ಬಂದದ್ದು. ನಾನು ಹೋದ ಮೇಲೆ, ಇಲ್ಲೊಬ್ಬಳು ಇದ್ದಳು ಅಂತ ಅದರಲ್ಲಿ ಒಂದಾದರೂ ಹೇಳಬೇಡವೇ?"

ಹೇಳಬೇಕು ಅಂದೆ. ಮೊದಲ ದಿನ ಹಗ್ಗದೋಣಿಯ ಮಗಳು ಅಂತ ಹಾಕಿದೆ. ಓಣಿಯವರೆಲ್ಲ ಬಂದು ನೋಡಿ ಸಂತೋಷಪಟ್ಟು, ಬೆಲ್ಲ ಹಂಚಿ ಹೋದರು. ಬೆಳಿಗ್ಗೆ ಕಲ್ಲು ಕನ್ನಡಿಯಂತಿತ್ತು. ಓಣಿಯಲ್ಲಿ ರಂಪವೆದ್ದಿತು. ನೀನು ನಿನ್ನ ಸರದಿಯ ದಿನ ತಂಗಳು ಹಾಕುತ್ತಿದ್ದೆ, ನೀನು ಮಳೆಗಾಲದಲ್ಲಿ ಅವಳನ್ನು ಪಡಸಾಲೆಯಲ್ಲಿ ಮಲಗಿಸಿದ್ದೆ ಅಂತ ಮುದುಕಿಯರು ಒಬ್ಬರ ಜುಟ್ಟು ಒಬ್ಬರು ಹಿಡಿದರು. ಸುಲಸೆಯೇ ಹೋಗಿ ಬಿಡಿಸಿದಳು. ಅವರು ಅನ್ನ ಹಾಕಿದ್ದು ನಿಜ, ಆದರೆ ಇವತ್ತು ನಿನ್ನ ದಿನ, ನಾಳೆ ಅವಳ ದಿನ ಅಂತ ಎಣಿಸಿ ಹಾಕಿದ್ದು, ಕಲ್ಲಿನದೇನೂ ತಪ್ಪಿಲ್ಲ ಅಂತ ನನ್ನ ಹತ್ತಿರ ಹೇಳಿದಳು. ನಕ್ಕಳು ಕೂಡ, ಆ ನಗು ಚಿಕ್ಕದಾಗಿತ್ತು.

ಎರಡನೆಯ ಸಲ ಇಸಿಪಾಲ ಭಂತೆಯವರ ಶಿಷ್ಯೆ ಅಂತ ಹಾಕಿದೆವು. ಭಂತೆಯವರೇ ಒಪ್ಪಿಗೆ ಕೊಟ್ಟರು. ಆದರೆ ಸುಲಸೆ ಯಾವ ಧರ್ಮೋಪದೇಶಕ್ಕೆ ಬಂದರೂ ಎರಡನೆಯ ಮಾತಿಗೆ ಗೊರಕೆ ಹೊಡೆಯುವವಳು. ನಾನು ಉಳಿ ಕೆಳಗಿಡುವಷ್ಟರಲ್ಲೇ ಮೊದಲ ಅಕ್ಷರ ಮಾಯತೊಡಗಿತು. ಭಂತೆಯವರು ಬೇಸರಪಟ್ಟುಕೊಳ್ಳಲಿಲ್ಲ. ಶಿಷ್ಯರು ಅಂತ ಬೇಲಿಯ ಮೇಲೆ ನಿಂತಿರುವವರಲ್ಲೂ ಅರ್ಧ ಜನ ನಿದ್ದೆ ಮಾಡುತ್ತಾರಲ್ಲ ಅಂತ ನಾನು ಅಂದರೆ, ಅವರು ಗೊರಕೆ ಹೊಡೆಯುವುದಿಲ್ಲ ಅಂತ ಉತ್ತರ ಕೊಟ್ಟರು.

ಮೂರನೆಯದು ನನಗೆ ಹೊಳೆದ ಉಪಾಯ. ಬಿಳಿ ಕತ್ತೆಯ ಒಡತಿ ಅಂತ ಹಾಕಿದರೆ ಹೇಗೆ ಅಂದೆ. ಸಿಟ್ಟಾಗುತ್ತಾಳೆ ಅಂದುಕೊಂಡಿದ್ದೆ, ಆಗಬಹುದು ಅಂದಳು. ಅದೂ ನಿಲ್ಲಲಿಲ್ಲ. ಆ ಕತ್ತೆ ಅವಳ ಮಾತನ್ನು ಯಾವತ್ತು ಕೇಳಿತ್ತು ಹೇಳಿ, ಒಡತಿ ಅಂತ ಒಪ್ಪಿಕೊಳ್ಳುವುದಕ್ಕೆ. ಹೀಗೇ ಆರು ದಿನ ಕಳೆದವು. ಸತ್ತುಹೋದ ಮುದುಕಿಯೊಬ್ಬಳ ಸಾಕುಮಗಳು ಅಂತ, ನಾರಿನ ಹೊಲವಿದ್ದ ಊರಿನವಳು ಅಂತ, ಏನೇನೋ ಹಾಕಿದೆ. ಎಲ್ಲ ಮಾದುಹೋದವು. ಅಕ್ಷರ ಕೊರೆದು ಕೊರೆದು ಕಲ್ಲೇ ಸವೆದುಹೋಗುತ್ತದೇನೋ ಅಂತ ನನಗೆ ಭಯ. ಕಲ್ಲು ಸವೆಯಲಿಲ್ಲ, ಸುಲಸೆ ಸವೆದಳು. ಬೆಳಿಗ್ಗೆ ನನ್ನ ಹಗ್ಗಕ್ಕೆ ಗಂಟು ಹಾಕುವಾಗ ಬೈಯುವುದನ್ನು ಕೂಡ ನಿಲ್ಲಿಸಿಬಿಟ್ಟಳು, ಅದು ನನಗೆ ತಡೆಯಲಾಗಲಿಲ್ಲ.

ಇತ್ತ ಬಲಕ ಸೆಟ್ಟಿ ದಿಬ್ಬದ ಕೆಳಗೆ ಬಿಡಾರ ಹಾಕಿ ಕೂತಿದ್ದ. ಅವನು ಮೆಣಸಿನ ವ್ಯಾಪಾರಿ, ಎರಡು ವರ್ಷದಿಂದ ಬೇಲಿಯಲ್ಲಿ ಒಂದು ಕಲ್ಲಿಗಾಗಿ ಕಾಯುತ್ತಿದ್ದವನು. ಕೆಟ್ಟವನೇನಲ್ಲ. ದಿನಾ ಬಂದು ಕಲ್ಲು ನೋಡಿ, ಪಾಪ ಅಂತ ನಿಟ್ಟುಸಿರು ಬಿಟ್ಟು, ತನ್ನ ತಾಯಿಯ ಹೆಸರು ಎಷ್ಟು ಅಕ್ಷರ ಅಂತ ನನಗೆ ಮತ್ತೊಮ್ಮೆ ನೆನಪಿಸಿ ಹೋಗುತ್ತಿದ್ದ. ಭಂತೆಯವರಿಗೂ ದಾರಿಯಿರಲಿಲ್ಲ. ಮಳೆ ಹತ್ತಿರ ಬಂದಿತ್ತು, ಕಂಬದ ಗುಂಡಿ ತೆರೆದೇ ಇದ್ದರೆ ಅಂಚು ಕುಸಿದು ಪಕ್ಕದ ಕಂಬವೂ ವಾಲುತ್ತದೆ. ಹೆಸರು ನಿಲ್ಲದ ಕಲ್ಲನ್ನು ಬೇಲಿಗೆ ಕೂರಿಸುವಂತಿಲ್ಲ, ಹುಣ್ಣಿಮೆಯ ಬೆಳಿಗ್ಗೆ ಅಕ್ಷರ ನಿಂತಿರದಿದ್ದರೆ ಕಲ್ಲು ಬಲಕ ಸೆಟ್ಟಿಗೆ ಅಂತ ಅವರು ಸುಲಸೆಗೆ ಹೇಳಿದರು. ಹೇಳುವಾಗ ಅವರ ಕಣ್ಣು ನೆಲ ನೋಡುತ್ತಿತ್ತು.

ಹುಣ್ಣಿಮೆಯ ಹಿಂದಿನ ಮಧ್ಯಾಹ್ನ. ಸುಲಸೆ ಕಲ್ಲಿಗೆ ಬೆನ್ನು ಹಾಕಿ ಕೂತು, ಕಂಬ ಎಳೆಯುವ ಹಗ್ಗಕ್ಕೆ ನಾರು ಬಿಡಿಸುತ್ತಿದ್ದಳು. ಏನು ಕೊರೆಯಲಿ ಅಂದೆ. ಸಾಕಾಗಿದೆ, ನಿನಗೆ ತೋಚಿದ್ದು ಕೊರೆ ಅಂದಳು. ಅವಳಿಗೆ ಓದು ಬಾರದು. ನಾನು ಉಳಿ ಹಿಡಿದು ಕೊರೆಯತೊಡಗಿದೆ. ಕೊರೆದದ್ದು ಇಷ್ಟು: ಅಕ್ಷರದ ಪುಸ್ಸಕನ ಹೆಂಡತಿ ಹಗ್ಗದ ಸುಲಸೆಯ ದಾನ. ಮುಗಿದ ಮೇಲೆ ಅವಳು ತಿರುಗಿ, ಏನು ಬರೆದೆ ಅಂದಳು. ನಾಳೆ ಹೇಳುತ್ತೇನೆ ಅಂತ ಹೇಳಿ ಚೀಲ ಎತ್ತಿಕೊಂಡು ಕುಂಟುತ್ತ ಓಡಿದೆ. ಅವಳನ್ನು ಕೇಳದೆ ಹೀಗೆ ಕೊರೆಯುವುದು ತಪ್ಪು ಅಂತ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಬಾಯಿಂದ ಹೊರಡದ್ದು ಕೈಯಿಂದ ಹೊರಟುಬಿಟ್ಟಿತ್ತು.

ಬೆಳಿಗ್ಗೆ ನಾನು ದಿಬ್ಬ ಹತ್ತುವಷ್ಟರಲ್ಲಿ ಅರ್ಧ ಊರು ಅಲ್ಲಿತ್ತು. ಭಂತೆಯವರು, ಬಲಕ ಸೆಟ್ಟಿ, ಹಗ್ಗದೋಣಿಯ ಮುದುಕಿಯರು, ಎಲ್ಲರೂ ಕಲ್ಲಿನ ಸುತ್ತ. ಓದು ಬಾರದವರು ಗುಸುಗುಸು ಮಾತಾಡುತ್ತಿದ್ದರು, ಓದು ಬರುವವರು ಬಾಯಿಗೆ ಬೀಗ ಹಾಕಿಕೊಂಡಿದ್ದರು. ಭಂತೆಯವರು ನನ್ನನ್ನು ನೋಡಿ ಸುಮ್ಮಸುಮ್ಮನೆ ಕೆಮ್ಮಿದರು. ನುಗ್ಗಿಕೊಂಡು ಹೋಗಿ ನೋಡಿದೆ. ಹೆಂಡತಿ ಅನ್ನುವ ಮಾತಿದ್ದ ಜಾಗ ನುಣ್ಣಗಿತ್ತು. ಮುಗಿಯಿತು, ಊರೆದುರು ಮಾನ ಹೋಯಿತು, ಅವಳ ಕಲ್ಲೂ ಹೋಯಿತು ಅಂದುಕೊಂಡೆ. ಅಲ್ಲಿಂದ ಕಣ್ಣು ಹಿಂದೆ ಸರಿಸಿದೆ. ಅಕ್ಷರದ ಪುಸ್ಸಕನ ಅಂತ ಇತ್ತು. ಮುಂದೆ ಸರಿಸಿದೆ. ಹಗ್ಗದ ಸುಲಸೆಯ ದಾನ ಅಂತ ಇತ್ತು. ಬೆರಳಿಟ್ಟು ನೋಡಿದೆ. ಎರಡೂ ಕಡೆ ಅಕ್ಷರ ನಾನು ಕೊರೆದದ್ದಕ್ಕಿಂತ ಆಳವಾಗಿತ್ತು.

ಅಷ್ಟರಲ್ಲಿ ಸುಲಸೆ ಕತ್ತೆ ಹೊಡೆದುಕೊಂಡು ಬಂದಳು. ಜನ ದಾರಿ ಬಿಟ್ಟರು. ಕಲ್ಲಿನ ಮೇಲೆ ಅಕ್ಷರ ನಿಂತಿರುವುದನ್ನು ಕಂಡು ಅವಳ ಕೈಯಿಂದ ಕತ್ತೆಯ ಹಗ್ಗ ಜಾರಿತು. ಓದು ಅಂದಳು ನನಗೆ. ಅಷ್ಟು ಜನರ ಮುಂದೆ ಓದಿದೆ.

"ನಡುವೆ ಜಾಗ ಬಿಟ್ಟಿದೆಯಲ್ಲ, ಅಲ್ಲಿ ಏನಿತ್ತು?" ಅಂದಳು ಸುಲಸೆ.

"ಹೆಂಡತಿ ಅಂತ ಇತ್ತು," ಅಂದೆ.

ಮುದುಕಿಯೊಬ್ಬಳು ಅಯ್ಯೋ ಅಂತ ಸೆರಗು ಬಾಯಿಗೆ ಹಿಡಿದಳು. ಸುಲಸೆ ಮಾತ್ರ ಅಲುಗಲಿಲ್ಲ.

"ನನ್ನನ್ನು ಕೇಳಿದ್ದೆಯಾ?"

"ಇಲ್ಲ."

"ಕೇಳದೆ ಕೊರೆದರೆ ನಿಲ್ಲುತ್ತದೆಯೇ?" ಅಂದಳು. ಬೈಗುಳದ ಧಾಟಿಯೇ, ಕೆಲವು ದಿನದಿಂದ ಕೇಳದಿದ್ದ ಧಾಟಿ. ನನಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಅವಳು ಹತ್ತಿರ ಬಂದು, ನನ್ನ ಸೊಂಟಕ್ಕೆ ಸುತ್ತಿದ್ದ ಹಗ್ಗದ ತುದಿ ಹಿಡಿದು ಹೊಸೆತ ಬಿಚ್ಚಿ ನನ್ನ ಮುಖದ ಮುಂದೆ ಹಿಡಿದಳು. ಎಣಿಸು ಅಂದಳು. ಎಣಿಸಿದೆ. ನಾಲ್ಕು ಎಳೆ. ಪಕ್ಕದಲ್ಲಿ ಬಿದ್ದಿದ್ದ ಕಂಬದ ಹಗ್ಗದ ತುದಿಯನ್ನೂ ಬಿಚ್ಚಿ ತೋರಿಸಿದಳು. ಮೂರು.

"ಊರಿಗೆಲ್ಲ ಮೂರೆಳೆ. ಹನ್ನೆರಡು ವರ್ಷದಿಂದ ನಿನಗೊಬ್ಬನಿಗೆ ನಾಲ್ಕು. ಓದು ಬರುವವನು ನೀನು ಅಂತೆ."

ನನಗೆ ಕಣ್ಣು ತುಂಬಿ ಬಂತು, ಬಂದದ್ದನ್ನು ಬಂತು ಅಂತಲೇ ಹೇಳುತ್ತೇನೆ. ಸೊಂಟ ಉಜ್ಜುತ್ತದೆ ಅಂತ ಗೊಣಗಿದ್ದೆಲ್ಲ ನೆನಪಾಗಿ ನಾಚಿಕೆಯಾಯಿತು. ಅಲ್ಲೇ, ಅಷ್ಟು ಜನರ ನಡುವೆಯೇ ಕೇಳಿದೆ. ಹೇಗೆ ಕೇಳಿದೆ ಅನ್ನುವುದು ಬೇಡ, ತಡವರಿಸಿಕೊಂಡು ಕೇಳಿದೆ, ಬಲಕ ಸೆಟ್ಟಿ ನಡುವೆ ಎರಡು ಮಾತು ಜೋಡಿಸಿಕೊಟ್ಟ. ಸುಲಸೆ, ಮೊದಲು ಕಂಬ ನಿಲ್ಲಲಿ, ಮದುವೆಯ ಗಡಿಬಿಡಿಯಲ್ಲಿ ಕೆಲಸ ಕೆಡಿಸಿದಳು ಅನ್ನಿಸಿಕೊಳ್ಳುವುದು ಬೇಡ ಅಂದಳು. ಬೇಡ ಅನ್ನಲಿಲ್ಲವಲ್ಲ ಅಂತ ಮುದುಕಿಯರು ಆಗಲೇ ಯಾರ ಮನೆಯಲ್ಲಿ ಚಪ್ಪರ ಅಂತ ಜಗಳ ಶುರುಮಾಡಿದ್ದರು. ಈ ಸಲ ಸರದಿ ಬೇಡ, ನಮ್ಮ ಮನೆಯಲ್ಲೇ ಆಗಲಿ ಅಂತ ಹನ್ನೊಂದು ಮನೆಯವರೂ ಹಟ ಹಿಡಿದರು.

ಭಂತೆಯವರು ಕಲ್ಲಿನ ಮೇಲೆ ಕೈಯಾಡಿಸಿ, ಹೆಸರು ಒಂಟಿಯಾಗಿಲ್ಲ, ಇಷ್ಟು ಸಾಕು, ಕೂರಿಸಿ ಅಂದರು. ಅಡ್ಡಗಲ್ಲು ತೂರಿಸಿದೆವು. ಸುಲಸೆಯ ಹಗ್ಗ ಹಿಡಿದು ಎಲ್ಲರೂ ಎಳೆದರು, ಬಲಕ ಸೆಟ್ಟಿ ಎಲ್ಲರಿಗಿಂತ ಹೆಚ್ಚು ಕೂಗು ಹಾಕಿ ಎಳೆದ. ಕಂಬ ನಿಂತಿತು. ಬೇಲಿ ಮುಗಿಯಿತು. ಆಮೇಲೆ ಸೆಟ್ಟಿ ತನ್ನ ತಾಯಿಯ ಹೆಸರಿನಲ್ಲಿ ನೀರಿನ ತೊಟ್ಟಿಯೊಂದನ್ನು ಕಟ್ಟಿಸಿದ. ಅದರ ಮೇಲೆ ನಾನು ಕೊರೆದದ್ದು ಒಂದಕ್ಷರವೂ ಮಾಯಲಿಲ್ಲ.

ಆರುನೂರು ಹೆಸರು ಕೊರೆದವನಿಗೆ ಬೇಲಿಯಲ್ಲಿ ತನ್ನದೊಂದು ಕಲ್ಲಿಲ್ಲ. ನಾಳೆ ಕೊಡೋಣ, ನಾಡಿದ್ದು ಕೊಡೋಣ ಅಂದುಕೊಳ್ಳುತ್ತಲೇ ಜಾಗ ಮುಗಿದುಹೋಯಿತು. ನನ್ನ ಹೆಸರಿರುವುದು ಸುಲಸೆಯ ಕಲ್ಲಿನ ಮೇಲೆ ಮಾತ್ರ. ಮದುವೆಯಾದ ವಾರಕ್ಕೆ ಉಳಿ ಹಿಡಿದು ಹೋಗಿ, ಆ ಖಾಲಿ ಜಾಗ ಈಗ ತುಂಬಿಬಿಡುತ್ತೇನೆ, ಇನ್ನು ನಿಲ್ಲುತ್ತದೆ ಅಂದೆ. ಸುಲಸೆ ಬಿಡಲಿಲ್ಲ. ಅದು ಹಾಗೇ ಇರಲಿ, ನೀನು ಕೇಳದೆ ಕೊರೆದದ್ದಕ್ಕೆ ನನ್ನ ಹತ್ತಿರ ಅದೊಂದು ಸಾಕ್ಷಿ ಅಂದಳು. ಹದಿನೆಂಟು ವರ್ಷದಿಂದ ಆ ಸಾಕ್ಷಿಯನ್ನು ಚೆನ್ನಾಗಿ ಬಳಸಿಕೊಂಡಿದ್ದಾಳೆ. ಯಾತ್ರೆಗೆ ಬಂದವರು ಇಲ್ಲೇನು ಒಡೆದುಹೋಯಿತೇ ಅಂತ ಕೇಳಿದರೆ, ಇವರನ್ನು ಕೇಳಿ ಅಂತ ನನ್ನ ಕಡೆ ಕೈ ತೋರಿಸುತ್ತಾಳೆ.

ಜಗಳ ನಮ್ಮಲ್ಲೂ ಇದೆ. ಅವಳ ಸಿಟ್ಟು ಮೊದಲಿನದೇ, ನನ್ನದು ಹೊಸದಾಗಿ ಬೆಳೆದದ್ದು. ಒಂದು ಸಲ ಮಾತು ಬೆಳೆದು, ನೀನು ಯಾರೋ ನಾನು ಯಾರೋ ಅನ್ನುವವರೆಗೆ ಹೋಯಿತು. ಯಾಕೆ ಅಂತ ಈಗ ಇಬ್ಬರಿಗೂ ನೆನಪಿಲ್ಲ, ಕತ್ತೆಗೆ ಹುಲ್ಲು ಹಾಕುವ ವಿಷಯವಿರಬೇಕು. ಮರುದಿನ ಬೆಳಗಾಗುತ್ತಲೇ, ಆ ಮಾತಿಗೆ ಕಲ್ಲಿನ ಮೇಲಿನ ನನ್ನ ಹೆಸರು ಮಾದುಹೋಯಿತೇನೋ ಅಂತ ನನಗೆ ಜೀವ ನಿಲ್ಲಲಿಲ್ಲ. ಅವಳಿನ್ನೂ ಎದ್ದಿಲ್ಲ ಅಂದುಕೊಂಡು ಸದ್ದಿಲ್ಲದೆ ಹೊರಟು, ಕುಂಟುಗಾಲು ಎಳೆದುಕೊಂಡು ದಿಬ್ಬ ಹತ್ತಿದೆ.

ಕಲ್ಲಿನ ಮುಂದೆ ಅವಳು ಆಗಲೇ ಕೂತಿದ್ದಳು. ಓದು ಬಾರದವಳು. ಕಣ್ಣು ಮುಚ್ಚಿಕೊಂಡು, ನನ್ನ ಹೆಸರಿರುವ ಜಾಗದ ಮೇಲೆ ಬೆರಳಾಡಿಸುತ್ತಿದ್ದಳು. ಎಷ್ಟು ಸಲ ಹಾಗೆ ಬಂದು ನೋಡಿ ಹೋಗಿದ್ದಳೋ, ಆ ಬೆರಳು ಎಲ್ಲೂ ತಡವರಿಸುತ್ತಿರಲಿಲ್ಲ. ನನ್ನ ಹೆಜ್ಜೆಯ ಸದ್ದಿಗೆ ಕೈ ಹಿಂದಕ್ಕೆ ಎಳೆದುಕೊಂಡು ತಿರುಗಿದಳು.

"ಇದೆಯಾ?" ಅಂದೆ.

"ಇದೆ," ಅಂದಳು. "ನಡಿ, ಗಂಜಿ ಆರುತ್ತದೆ."